ಎಲ್ಲ ಚೆಂಡೂ ಅವರೇ ಹೇಳಬೇಕು

ದೇವರು ನಮ್ಮ ಮನೆಯವರಿಗೆ ಬಾಯಿ ಕೊಟ್ಟದ್ದು ಊಟಕ್ಕೆ ಮಾತ್ರ. ಮಾತಿಗೆ ಅಂತ ಹತ್ತು ಬೆರಳು, ಎರಡು ಕಿವಿ, ಒಂದು ಮೂಗು ಕೊಟ್ಟಿದ್ದ. ನೀರು ಬೇಕಾದರೆ ಒಂದು ಬೆರಳು, ಚಹಾ ಬೇಕಾದರೆ ಎರಡು, ಬಂದ ಬೀಗರು ಬೇಗ ಎದ್ದು ಹೋಗಬೇಕಾದರೆ ಕಿವಿಯ ತುದಿ! ಸುಳ್ಳು ಅನ್ನುವವರು ನಮ್ಮ ಮನೆಯಲ್ಲಿ ಒಂದು ವಾರ ಸಂಸಾರ ಮಾಡಿ ನೋಡಬೇಕಿತ್ತು. ಈಗ ಆ ಅವಕಾಶವೂ ಇಲ್ಲ. ಅವರು ಹೋಗಿಬಿಟ್ಟರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಅಂತ ಮದುವೆಯಾದ ಹೊಸದರಲ್ಲಿ ಅತ್ತೆ ಹೇಳಿದ್ದರು. ಒಂದು ದಿನವೂ ಹೇಳಲಿಲ್ಲ. ಅದರಿಂದ ಏನು ಹೆಚ್ಚಾಯಿತು, ಹೇಳಿ! ಈಗ ಹೇಳಬಹುದಲ್ಲ ಅಂತ ನೀವು ಕೇಳಬಹುದು. ಈಗ ಸಿಟ್ಟಿಗೆ ಹೇಳುವುದಿಲ್ಲ.

ಹೌದು, ಸಿಟ್ಟೇ. ಮಾತಾಡಿಸಲು ಬಂದವರೆಲ್ಲ ಒಂದೇ ರಾಗ ಹಾಡುತ್ತಾರೆ. "ಸರ್ ಅಂದ್ರ ದೇವರಂಥಾ ಮನಷ್ಯಾ ಇದ್ರರಿ. ಎಷ್ಟ ಹುಡಿಗ್ಯಾರ್ನ ಮುಂದ ತಂದ್ರು! ಇಷ್ಟಪಟ್ಟ ಕೆಲಸ ಮಾಡ್ಕೋತನ ಹೋದ್ರು, ಪುಣ್ಯವಂತರು." ಮಾಡ್ಕೋತ ಹೋದರಂತೆ! ಅವರು ಹೋದದ್ದು ನಮ್ಮ ಅಡುಗೆಮನೆಯ ಬಾಗಿಲಲ್ಲಿ, ಒಲೆಯ ಮೇಲೆ ಚಹಾ ಕುದಿಯುತ್ತಿರುವಾಗ. ಅಲ್ಲಿ ಯಾವ ಮೈದಾನವಿತ್ತು, ಯಾವ ಆಟವಿತ್ತು? ಬಂದವರಿಗೆ ನಾನು ಇದನ್ನು ಹೇಳಲಿಲ್ಲ. ನನ್ನದು ಮೊದಲಿನಿಂದಲೂ ಮಾತು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ. ತವರೂರು ತಡವಳದ ಸಾಲೆಯಲ್ಲಿ ಕಲಿತ ನಾಲ್ಕು ಕನ್ನಡ ಅಕ್ಷರ ಇಂಥ ಕೆಲಸಕ್ಕೆ ಬಂದೀತು ಅಂತ ಯಾರು ಅಂದುಕೊಂಡಿದ್ದರು!

ಅವರದು ಸೋಲಾಪುರದ ಅಡತಿ ಮನೆತನ. ಜೋಳ, ತೊಗರಿಯ ವ್ಯಾಪಾರ. ಬೆಳಿಗ್ಗೆ ಅಂಗಡಿಯ ಗಾದಿಯ ಮೇಲೆ ಕೂಡುತ್ತಿದ್ದ ಮನುಷ್ಯ ಸಂಜೆಯಾದರೆ ಟೊಪ್ಪಿಗೆ ಹಾಕಿಕೊಂಡು ಸಾಲೆಯ ಮೈದಾನಕ್ಕೆ ಓಡುತ್ತಿದ್ದರು. ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸಲು. ನಮ್ಮ ಕಡೆ ಸಾಲೆಯ ಹುಡುಗಿಯರು ಈ ಆಟ ಚೆನ್ನಾಗಿಯೇ ಆಡುತ್ತಾರೆ. ಗೊತ್ತಿಲ್ಲದವರಿಗೆ ಇಷ್ಟು ಹೇಳುತ್ತೇನೆ. ಒಬ್ಬಳು ತೋಳನ್ನು ಗಾಲಿಯಂತೆ ತಿರುಗಿಸಿ ಸೊಂಟದ ಕೆಳಗಿನಿಂದ ಚೆಂಡು ಎಸೆಯುತ್ತಾಳೆ. ಅವಳು ಪಿಚರ್. ಎದುರಿಗೆ ಒಬ್ಬಳು ಬ್ಯಾಟು ಹಿಡಿದಿರುತ್ತಾಳೆ. ಅವಳಿಗೆ ಚೆಂಡು ತಪ್ಪಿದರೆ ಒಂದು ಸ್ಟ್ರೈಕ್, ಮೂರು ಸ್ಟ್ರೈಕ್ ಬಿದ್ದರೆ ಔಟ್. ಅವಳ ಹಿಂದೆ ಕುಕ್ಕರಗಾಲಲ್ಲಿ ಕೂತವಳು ಕ್ಯಾಚರ್. ಮುಂದಿನ ಚೆಂಡು ಜೋರು ಬರಬೇಕೋ, ಸಾವಕಾಶ ಬರಬೇಕೋ, ಹತ್ತಿರ ಬಂದು ಕೆಳಗೆ ಬೀಳಬೇಕೋ ಅಂತ ಕೋಚ್ ಹೊರಗೆ ನಿಂತು ಸನ್ನೆ ಮಾಡುತ್ತಾನೆ. ಕ್ಯಾಚರ್ ಅದನ್ನು ಬೆರಳಲ್ಲಿ ಪಿಚರ್‌ಗೆ ದಾಟಿಸುತ್ತಾಳೆ. ಪಿಚರ್ ಒಪ್ಪಿದರೆ ಎಸೆಯುತ್ತಾಳೆ. ಒಪ್ಪದಿದ್ದರೆ ತಲೆ ಅಲ್ಲಾಡಿಸಬಹುದು. ಆಗ ಬೇರೆ ಸನ್ನೆ ಬರುತ್ತದೆ.

ಇದು ಎಲ್ಲ ಕಡೆಯ ಪದ್ಧತಿ. ನಮ್ಮ ಮನೆಯವರ ತಂಡದಲ್ಲಿ ತಲೆ ಅಲ್ಲಾಡಿಸುವುದು ಇರಲಿಲ್ಲ. ಎಲ್ಲ ಚೆಂಡೂ ಅವರೇ ಹೇಳಬೇಕು!

ಮೈದಾನದಲ್ಲಿ ಹೇಳಿಕೊಂಡಿದ್ದರೆ ನನ್ನದೇನೂ ತಕರಾರು ಇರಲಿಲ್ಲ. ಮನೆಯಲ್ಲೂ ಅದೇ. ಒಮ್ಮೆ ನನ್ನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹಿಂದಿನ ದಿನವೇ ಇವರು ನನ್ನನ್ನು ಕೂರಿಸಿಕೊಂಡು ಪಾಠ ಮಾಡಿದರು.

"ನೋಡು, ಮೊದಲನೇ ಚೆಂಡ ಸ್ಟ್ರೈಕ್ ಬೀಳಬೇಕು. ಬಂದ ಕೂಡಲೇ ಖಾರ ಚುರಮರಿ ಸೂಸಲಾ. ಬಾಯಿ ಉರದು ಸುಮ್ನ ಆಗ್ತಾರ. ಆಮ್ಯಾಲ ಅವರು ಚಹಾದ ದಾರಿ ನೋಡ್ತಿರ್ತಾರಲ್ಲ, ಆಗ ಚಹಾ ತರಬಾರದು!"

"ಮತ್ತ?"

"ಮಜ್ಜಿಗಿ. ಅವರು ಅಂದ್ಕೊಂಡದ್ದು ಅವರಿಗೆ ಸಿಗಬಾರದು. ಹುಡುಗನ ಕಾಕಾ ಮಾತು ಬಿಗಿ ಮಾಡಿದ್ರ ನಾ ಮೂಗು ಮುಟ್ಟತೀನಿ. ಆಗ ಬಾಸುಂದಿ."

ಮರುದಿನ ಸೂಸಲಾ ಕೊಟ್ಟೆ, ಮಜ್ಜಿಗೆ ಕೊಟ್ಟೆ. ಹುಡುಗನ ಕಾಕಾ ಮದುವೆಯ ಖರ್ಚಿನ ಮಾತು ತೆಗೆದ. ಇವರು ಮೂಗು ಮುಟ್ಟಿದರು. ನಾನು ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದೆ. ಮತ್ತೆ ಮುಟ್ಟಿದರು. ಮತ್ತೆ ಅಲ್ಲಾಡಿಸಿದೆ. ಮೂರನೆಯ ಸಲ ಮೂಗನ್ನು ಹಿಡಿದು ತಿರುವಿಯೇ ಬಿಟ್ಟರು. ಹುಡುಗನ ಕಾಕಾ ಗಾಬರಿಯಾಗಿ ಮಾತು ನಿಲ್ಲಿಸಿ, "ಯಾಕ್ರಿ ಸಾವಕಾರ, ನೆಗಡಿಯೇನು?" ಅಂದ. ನನಗೆ ತಡೆಯಲಾಗಲಿಲ್ಲ.

"ಹಾಲು ಒಡದಾದ್ರಿ! ಬಾಸುಂದಿ ಎಲ್ಲಿಂದ ತರ್ಲಿ?"

ಮನೆಯೆಲ್ಲ ನಕ್ಕಿತು. ಸಂಬಂಧ ಆ ನಗುವಿನಲ್ಲೇ ಕೂಡಿಬಂತು. ಇವರೊಬ್ಬರು ಮಾತ್ರ ನಗಲಿಲ್ಲ. ಬೀಗರು ಹೋದ ಮೇಲೆ ನನ್ನ ಎದುರು ನಿಂತು ಹೇಳಿದ್ದೇನು ಗೊತ್ತೇ?

"ಪಿಚರ್ ತಲಿ ಅಲ್ಲಾಡಸಬಾರದು."

ಅವರಿಗೆ ಮೈದಾನದಲ್ಲಿ ಬುದ್ಧಿ ಇರಲಿಲ್ಲ ಅಂತಲ್ಲ. ಇತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸುವುದು. "ಬ್ಯಾಟ್ ನೋಡಬ್ಯಾಡ್ರಿ, ಕಾಲ ನೋಡ್ರಿ" ಅಂತ ಹುಡುಗಿಯರಿಗೆ ಹೇಳುತ್ತಿದ್ದರು. ಹೊಡೆಯುವವಳು ಹಿಂದೆ ಸರಿದು ನಿಂತರೆ ಜೋರಿನ ಚೆಂಡಿಗೆ ಹೆದರಿದ್ದಾಳೆ, ಮುಂದೆ ಬಂದು ನಿಂತರೆ ಚೆಂಡು ಕೆಳಗೆ ಬೀಳುವ ಮೊದಲೇ ಹೊಡೆಯಲು ನೋಡುತ್ತಿದ್ದಾಳೆ. ಎರಡು ಜೋರಿನ ಚೆಂಡು ಕಂಡವಳಿಗೆ ಅದೇ ತೋಳಿನ ವೇಗದಲ್ಲಿ ಒಂದು ಸಾವಕಾಶದ ಚೆಂಡು ಹಾಕಿದರೆ, ಅದು ಬಂದು ಮುಟ್ಟುವ ಮೊದಲೇ ಬ್ಯಾಟು ಬೀಸಿ ಗಾಳಿ ಹೊಡೆಯುತ್ತಾಳೆ. ಇದೆಲ್ಲ ಅವರಿಗೆ ಕರಾರುವಾಕ್ಕಾಗಿ ಗೊತ್ತು. ಭಾಜಿ ಮಂಡಿಯಲ್ಲೂ ಮೆಂತ್ಯದ ಪಲ್ಲೆ ಮಾರುವವಳ ಕಾಲನ್ನೇ ನೋಡುತ್ತಿದ್ದರು! "ಆಕಿ ಹಿಂದಿನ ಕಾಲ ಮ್ಯಾಲ ಭಾರ ಹಾಕ್ಯಾಳ. ಈಗ ಕೇಳು, ಕಡಿಮಿ ಮಾಡ್ತಾಳ" ಅಂತ ನನ್ನ ಕಿವಿಯಲ್ಲಿ ಹೇಳುವರು. ಒಮ್ಮೆ ಅವಳು ಹೇಳಿಯೇಬಿಟ್ಟಳು, "ಅಕ್ಕಾರ, ನಿಮ್ಮ ಯಜಮಾನ್ರಿಗಿ ಹೇಳ್ರಿ, ನನ್ನ ಕಾಲಾಗಿನ ಚಪ್ಪಲಿ ಮಾರಾಕ ಇಟ್ಟಿಲ್ಲ."

ಇನ್ನು ಟವೆಲ್ಲಿನ ಕಥೆ ಹೇಳದಿದ್ದರೆ ನಮ್ಮ ಅಡತಿ ಮನೆತನಕ್ಕೆ ಅವಮಾನ. ಹಿಂದೆ ಪೇಟೆಯಲ್ಲಿ ಧಾರಣಿ ಮಾತಾಡುವಾಗ ಇಬ್ಬರೂ ಒಂದು ಟವೆಲ್ಲಿನ ಅಡಿ ಕೈ ಹಾಕಿ ಬೆರಳು ಹಿಡಿಯುತ್ತಿದ್ದರಂತೆ. ಎಷ್ಟು ಬೆರಳು ಹಿಡಿದರು ಅನ್ನುವುದರ ಮೇಲೆ ದರ. ಸುತ್ತ ನಿಂತವರಿಗೆ ಏನೂ ಗೊತ್ತಾಗಬಾರದು. ದನದ ಸಂತೆಯಲ್ಲಿ ಈಗಲೂ ಅಲ್ಲಲ್ಲಿ ಇದೆ. ಇವರು ಚಿಕ್ಕವರಿದ್ದಾಗ ಅವರಪ್ಪನ ಟವೆಲ್ಲಿನ ಅಡಿ ಕೈ ಹಾಕಿ ಕಲಿತವರು. ಈಗಿನ ಕೋಚುಗಳು ಹುಡುಗಿಯರ ಮಣಿಕಟ್ಟಿಗೆ ಅಂಕಿಗಳ ಪಟ್ಟಿ ಕಟ್ಟಿ, ಹೊರಗಿನಿಂದ ಅಂಕಿ ಕೂಗಿ ಕೆಲಸ ಮುಗಿಸುತ್ತಾರೆ. ಇವರಿಗೆ ಅದು ನಾಚಿಕೆಗೇಡು. "ಅವು ಪಟ್ಟಿ ಓದಿ ಚೆಂಡ ಹಾಕ್ತಾವ, ನಮ್ಮವು ಬೆರಳ ತಿಳದು ಹಾಕಬೇಕು" ಅಂದವರೇ, ತಂಡ ಮೈದಾನಕ್ಕೆ ಇಳಿಯುವ ಮುಂಚೆ ಕ್ಯಾಚರ್ ಹುಡುಗಿಯ ಕೈಯನ್ನು ಟವೆಲ್ಲಿನ ಅಡಿ ಹಿಡಿದು, ಯಾರಿಗೆ ಯಾವ ಚೆಂಡು ಅಂತ ಬೆರಳಲ್ಲೇ ಹೇಳತೊಡಗಿದರು. ಅಲ್ಲ, ಅವಳು ಪಕ್ಕದಲ್ಲೇ ಕೂತಿದ್ದಾಳೆ, ಬಾಯಿಬಿಟ್ಟು ಹೇಳಬಾರದೇ?

ಅಕ್ಕಲಕೋಟದಲ್ಲಿ ಒಂದು ಪಂದ್ಯಕ್ಕೆ ನಾನೂ ಬುತ್ತಿ ಕಟ್ಟಿಕೊಂಡು ಹೋಗಿದ್ದೆ. ಅಂಪೈರ್ ಬಂದು ಟವೆಲ್ಲನ್ನೇ ನೋಡಿದ. "ಸರ್, ಹೇ ಕಾಯ್ ಚಾಲಲಂಯ?" ಇದೇನು ನಡೆಸಿದ್ದೀರಿ ಅಂತ ಕೇಳಿ, ಟವೆಲ್ಲು ಮಡಚಿಸಿದ. ಇವರು ಸೋಲುವವರೇ? ಹೊರಗೆ ನಿಂತು, ತಮ್ಮ ಎಡಗೈಯ ಬೆರಳುಗಳನ್ನು ತಮ್ಮದೇ ಬಲಗೈಯಿಂದ ಹಿಡಿದು ತೋರಿಸತೊಡಗಿದರು. ಅದೇ ಧಾರಣಿಯ ಬೆರಳು, ಟವೆಲ್ಲಿಲ್ಲದೆ!

ಅವತ್ತು ಪೇಟೆಯ ದಿನ. ಮಾಲು ಹಾಕಿ ಬಂದ ರೈತರು, ದಲಾಲರು ಮೈದಾನದ ಗೋಡೆಯ ಮೇಲೆ ಸಾಲಾಗಿ ಕೂತಿದ್ದರು. ಸಾಫ್ಟ್‌ಬಾಲ್ ಅವರಿಗೆ ಗೊತ್ತಿರಲಿಲ್ಲ. ಬೆರಳು ಗೊತ್ತಿತ್ತು. ನಾಲ್ಕು ಚೆಂಡು ಆಗುವಷ್ಟರಲ್ಲಿ ಲೆಕ್ಕ ಹತ್ತಿತು.

"ಏ, ಎರಡ ಹಿಡದ್ರ ಜೋರ ಬರ್ತದೋ!"

"ಈಗ ನೋಡ್ರಿ, ಮೂರ್ ಹಿಡದಾರ. ಸಾವಕಾಶ ಬರ್ತದ. ಹೊಡಿ ತಂಗೀ!"

ಅವರ ಊರಿನ ತಂಗಿ ಹೊಡೆದಳು. ಚೆಂಡು ಗೋಡೆ ದಾಟಿ, ಜೋಳದ ಚೀಲ ತುಂಬಿದ ಟೆಂಪೋದ ಮೇಲೆ ಬಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಇವರು ಕುದಿಯುತ್ತಿದ್ದರು. "ಪೇಟಿ ಗುಟ್ಟು ಹಿಂಗ ಬಯಲಿನ್ಯಾಗ ಕೂಗ್ತಾರೇನು? ಮರ್ಯಾದಿ ಇಲ್ಲದ ದಲಾಲರು!" "ದಲಾಲರ ಊರಿಗಿ ಹೋಗಿ ದಲಾಲಿ ಬೆರಳ ತೋರಸಿದವರು ಯಾರ್ರಿ?" ಅಂದೆ. ದಾರಿಯಲ್ಲಿ ಕುಂಭಾರಿ ಊರು ದಾಟುವ ತನಕ ನನ್ನ ಕಡೆ ತಿರುಗಲಿಲ್ಲ.

ಅದಾದ ಮೇಲೆ ಕಿವಿ, ಮೂಗು, ಟೊಪ್ಪಿಗೆ, ಸೊಂಟದ ಪಟ್ಟಿ ಎಲ್ಲವೂ ಸನ್ನೆಗೆ ಬಂದವು. ಅದರಲ್ಲಿ ಮುಕ್ಕಾಲು ಸುಳ್ಳು ಸನ್ನೆ, ಎದುರಿನವರ ಕಣ್ಣಿಗೆ ಮಣ್ಣೆರಚಲು. ಮೂಗು ಮುಟ್ಟಿದ ಮೇಲೆ ಯಾವುದು ಬರುತ್ತದೋ ಅದು ಮಾತ್ರ ನಿಜ. ಒಂದು ಪಂದ್ಯದಲ್ಲಿ ಸಂಜೆಯ ಸೊಳ್ಳೆ ಇವರ ಮೂಗಿನ ಮೇಲೆ ಕೂತು, ಅಲ್ಲಿಂದ ಕಿವಿಗೆ ಹಾರಿತು. ಇವರು ಎರಡನ್ನೂ ಹೊಡೆದುಕೊಂಡರು. ಕ್ಯಾಚರ್ ಅದನ್ನು ಶ್ರದ್ಧೆಯಿಂದ ಪಿಚರ್‌ಗೆ ದಾಟಿಸಿದಳು. ಸಾವಕಾಶದ ಚೆಂಡು ಹೋಯಿತು, ಹೊಡೆಯುವವಳು ಗಾಳಿ ಹೊಡೆದು ಔಟಾದಳು, ಪಂದ್ಯ ಮುಗಿಯಿತು. ಎಲ್ಲರೂ ಬಂದು ಸರ್ ತಲೆಯೇ ತಲೆ ಅಂತ ಕೈ ಕುಲುಕಿದರು. ಇವರು ಬೇಡ ಅನ್ನಲಿಲ್ಲ. ಆ ಪಂದ್ಯ ಗೆದ್ದದ್ದು ಸೊಳ್ಳೆ!

ನಗು ಇಲ್ಲಿಗೆ ಸಾಕು.

ಹೋದ ಚಳಿಗಾಲದಲ್ಲಿ ಅಂಗಡಿಯ ಮೆಟ್ಟಿಲು ಹತ್ತುವಾಗ ಅವರು ಎರಡು ಸಲ ನಿಂತು ಉಸಿರು ತೆಗೆದುಕೊಂಡದ್ದನ್ನು ನಾನು ನೋಡಿದೆ. ಕೇಳಿದರೆ ಏನಿಲ್ಲ ಅಂದರು. ಜಗಳ ಮಾಡಿ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಫೋಟೋ ತೆಗೆಸಿ, ಹೃದಯದ ನಳಿಗೆ ಮುಚ್ಚಿಕೊಂಡಿದೆ, ತಡ ಮಾಡಬೇಡಿ, ತೆರೆಯೋಣ ಅಂದರು. ದಿನ ಕೊಟ್ಟರು. ಆ ದಿನ ಅಕ್ಕಲಕೋಟದ ಪಂದ್ಯಗಳ ವಾರದೊಳಗೇ ಬರಬೇಕೇ! ನಮ್ಮ ಮನೆಯವರು ಡಾಕ್ಟರ ಮುಂದೆ ಗೋಣು ಹಾಕಿ, ಹೊರಗೆ ಬಂದು ರಿಕ್ಷಾದಲ್ಲಿ ಕೂತ ಮೇಲೆ ಬಾಯಿಬಿಟ್ಟರು.

"ಪಂದ್ಯ ಮುಗೀಲಿ. ಆಮ್ಯಾಲ ನೋಡೂಣು."

"ಪಂದ್ಯ ಮುಂದಿನ ವರ್ಷನೂ ಬರ್ತಾವ್ರಿ."

"ಈ ಹುಡುಗಿ ಮುಂದಿನ ವರ್ಷ ಬರೂದಿಲ್ಲ. ಈ ವರ್ಷ ಚಲೋ ಆಡಿದ್ರ ರಾಜ್ಯದ ತಂಡದವರು ನೋಡ್ತಾರ. ಇಲ್ಲಂದ್ರ ಆಕಿ ಮನ್ಯಾಗ ಆಟ ಬಿಡಸ್ತಾರ."

ಆ ಹುಡುಗಿ ಅವರ ಪಿಚರ್. ಕುಂಭಾರಿಯ ಕಡೆಯವಳು, ದಿನಾ ಬಸ್ಸಿನಲ್ಲಿ ಸಾಲೆಗೆ ಬರುವವಳು. ಅವಳ ತೋಳಿನ ವರ್ಣನೆ ನಮ್ಮ ಮನೆಯಲ್ಲಿ ಊಟಕ್ಕಿಂತ ಹೆಚ್ಚು ಆಗುತ್ತಿತ್ತು.

"ಆ ಹುಡಿಗಿಗಿ ನೀವು ಬೇಕಲ್ಲ ಮತ್ತ? ನನಗ ಬ್ಯಾಡೇನು?"

ಅದಕ್ಕೆ ಅವರು ಏನಂದರು ಅಂತ ಕೇಳಿ.

"ನೋಡು, ಬ್ಯಾನಿಗಿ ಈಗ ಎರಡ ಸ್ಟ್ರೈಕ್ ಬಿದ್ದಾವ. ನಾವು ಮುಂದಿದ್ದೀವಿ. ಇಂಥಾ ಹೊತ್ತಿನ್ಯಾಗ ಶಾಣ್ಯಾ ಕೋಚ್ ಏನ ಮಾಡ್ತಾನ? ಒಂದ ಚೆಂಡ ಬೇಕಂತನ ಹೊರಗ ಬಿಡ್ತಾನ. ಅದರ ಆಸೇಕ ಬಿದ್ದು ಅವರ ಔಟ್ ಆಗ್ತಾರ. ಡಾಕ್ಟರ್ ಕೊಟ್ಟ ದಿನಾ ನಾ ಹೊರಗ ಬಿಟ್ಟೆ."

"ನೀವು ಹೊರಗ ಬಿಟ್ಟದ್ದು ಚೆಂಡೋ, ಜೀವಾನೋ?" ಅಂದೆ. ರಿಕ್ಷಾದವನು ಹಿಂತಿರುಗಿ ನೋಡಿದ. ನಾನು ತಲೆ ಅಲ್ಲಾಡಿಸಿದೆ. ಮನೆಗೆ ಬಂದ ಮೇಲೂ ಅಲ್ಲಾಡಿಸಿದೆ. ಊಟಕ್ಕೆ ಬಡಿಸುವಾಗ, ಹಾಸಿಗೆ ಹಾಸುವಾಗ, ಅವರು ಟೊಪ್ಪಿಗೆ ಹಾಕಿಕೊಂಡು ಹೊರಡುವಾಗ, ಬೇಡ, ಬೇಡ, ಬೇಡ ಅಂತ ಅಲ್ಲಾಡಿಸಿದೆ. ಇಡೀ ಸೋಲಾಪುರದ ಹೊಡೆಯುವ ಹುಡುಗಿಯರ ಕಾಲು ಓದುವ ಮನುಷ್ಯನಿಗೆ, ಮುಂದೆ ನಿಂತು ಅಳುವ ಹೆಂಡತಿಯ ಮುಖ ಓದಲು ಬರುವುದಿಲ್ಲವೇ? ಇದಕ್ಕೆ ಯಾರಾದರೂ ಉತ್ತರ ಕೊಡುತ್ತೀರಾ? ದೇವರಂಥ ಮನುಷ್ಯ ಅಂದವರಾದರೂ?

ಪಂದ್ಯಗಳು ನಡೆದವು. ಕೊನೆಯ ಪಂದ್ಯದಲ್ಲಿ ಇವರ ತಂಡ ಸೋತಿತು. ಗೆದ್ದಾದರೂ ಬರಬಾರದಿತ್ತೇ? ಸಂಜೆ ಮನೆಗೆ ಬಂದವರು ಟೊಪ್ಪಿಗೆ ತೆಗೆದಿಟ್ಟು, ಉಣ್ಣದೆ ಮಲಗಿದರು. ಬೆಳಿಗ್ಗೆ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ಚಹಾ ಕೇಳಿದರು. ನಾನು ಸಕ್ಕರೆಯ ಡಬ್ಬಿ ತೆಗೆದು ತಿರುಗುವಷ್ಟರಲ್ಲಿ ಚೌಕಟ್ಟು ಹಿಡಿದುಕೊಂಡು ಕುಸಿದರು. ಡಾಕ್ಟರು ಆಮೇಲೆ, "ಅಕ್ಕಾರ, ಆ ದಿನವೇ ಬಂದಿದ್ದರೆ..." ಅಂತ ಮಾತು ಅರ್ಧಕ್ಕೇ ನಿಲ್ಲಿಸಿದರು. ಉಳಿದ ಅರ್ಧ ನನಗೆ ಯಾರೂ ಹೇಳುವುದು ಬೇಕಿರಲಿಲ್ಲ.

ಕರ್ಮಾದಿಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ತಂಡದ ಹುಡುಗಿಯರೆಲ್ಲ ಮನೆಗೆ ಬಂದರು. ಸಾಲೆಯ ಬಟ್ಟೆಯಲ್ಲೇ ಬಂದಿದ್ದರು. ಪಡಸಾಲೆಯಲ್ಲಿ ಗೋಡೆಗೆ ಒರಗಿ ಸಾಲಾಗಿ ಕೂತರು. ನಿಜ ಹೇಳಲೇ? ಕುಂಭಾರಿಯ ಹುಡುಗಿಯ ಮುಖ ನೋಡಲು ನನಗೆ ಮನಸ್ಸಿರಲಿಲ್ಲ. ನಿನ್ನ ತೋಳಿಗಾಗಿ ಆ ಮನುಷ್ಯ ದವಾಖಾನೆಯ ದಿನ ತಪ್ಪಿಸಿದ ಅನ್ನುವ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು.

ಅಷ್ಟರಲ್ಲಿ ಅವಳೇ ಬಿಕ್ಕಿದಳು.

"ಕಾಕೂ, ಸರ್ ನನ್ನಿಂದನ ಹೋದ್ರರಿ."

ಇವಳಿಗೆ ದವಾಖಾನೆಯ ವಿಷಯ ಯಾರು ಹೇಳಿದರು?

"ಯಾಕ ಹಂಗ ಅಂತಿ?"

"ಲಾಸ್ಟ್ ಬ್ಯಾಟರ್ ಇದ್ಳರಿ. ಸರ್ ಸಾವಕಾಶ ಹಾಕು ಅಂದ್ರು. ನಾ ತಲಿ ಅಲ್ಲಾಡಸ್ದೆ. ಕೆಳಗ ಬೀಳೂ ಡ್ರಾಪ್ ಹಾಕ್ದೆ. ಆಕಿ ಹೊಡದ್ಲು, ನಾವು ಸೋತಿವಿ. ಬಸ್ಸಿನ್ಯಾಗ ಸರ್ ಒಂದ ಮಾತೂ ಆಡ್ಲಿಲ್ರಿ. ಮರುದಿನಾನ ಹಿಂಗಾತು. ನಾ ಸರ್ ಮಾತ ಕೇಳಿದ್ರ..." ಪಕ್ಕದಲ್ಲಿದ್ದ ಕ್ಯಾಚರ್ ಹುಡುಗಿ ಅವಳ ಬೆನ್ನು ಸವರಿದಳು.

ಅಂದರೆ ಈ ಹುಡುಗಿ ಇಷ್ಟು ದಿನ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬಸ್ಸು ಹತ್ತಿ ಇಳಿಯುತ್ತಿದ್ದಳು! ನನ್ನ ಸಿಟ್ಟು ಎಲ್ಲಿತ್ತೋ ಅಲ್ಲಿಂದ ಎದ್ದು, ಸೀದಾ ಗೋಡೆಯ ಮೇಲಿನ ಅವರ ಫೋಟೋದ ಕಡೆ ಹೋಯಿತು. ನೋಡಿದಿರಾ, ಏನು ಮಾಡಿಟ್ಟು ಹೋದಿರಿ?

"ಕೇಳು ಇಲ್ಲಿ," ಅಂದೆ. ನನ್ನ ದನಿ ನನಗೇ ಜೋರು ಅನ್ನಿಸಿತು. "ಸರ್ ಹೋದದ್ದು ನಿನ್ನ ಚೆಂಡಿನಿಂದ ಅಲ್ಲ. ಡಾಕ್ಟರ್ ಬಾ ಅಂದ ದಿನ ಹೋಗಲಿಲ್ಲ, ಅದಕ್ಕ ಹೋದ್ರು. ಬ್ಯಾಡ ಅಂದವರ ಮಾತ ಕೇಳಲಿಲ್ಲ, ಅದಕ್ಕ ಹೋದ್ರು. ಪೂರಾ ತಪ್ಪ ಅವರದು. ಅದರಾಗ ನಿನಗ ಒಂದ ಕಾಳಿನಷ್ಟೂ ಪಾಲ ಕೊಡೂದಿಲ್ಲ ನಾ. ತಿಳೀತಾ?"

ಹುಡುಗಿಯರು ಬೆದರಿ ನನ್ನನ್ನೇ ನೋಡಿದರು. ಸರ್ ಮನೆಯಲ್ಲಿ ಸರ್ ಅವರನ್ನು ಹೀಗೆ ಬೈಯುವುದನ್ನು ಅವರು ಎಲ್ಲಿ ಕೇಳಿದ್ದರು! ಕುಂಭಾರಿಯ ಹುಡುಗಿ ಮೂಗು ಒರೆಸಿಕೊಂಡಳು.

"ಅವರಿಗಿ ಬ್ಯಾಡ ಅಂದವರು ಈ ಜಗತ್ತಿನ್ಯಾಗ ಇಬ್ಬರೇ, ಮಗಾ. ಒಬ್ಬಾಕಿ ನಾನು, ಒಬ್ಬಾಕಿ ನೀನು," ಅಂದೆ. ಆಮೇಲೆ ನೆನಪಾಯಿತು. "ನೀ ತಲಿ ಅಲ್ಲಾಡಸಿದಾಗ ಏನಂದ್ರು? ಬೈದ್ರೇನು?"

"ಇಲ್ರಿ. ಮತ್ತೊಮ್ಮೆ ಸಾವಕಾಶ ಅಂತ ತೋರಸಿದ್ರು. ನಾ ಮತ್ತ ಬ್ಯಾಡ ಅಂದೆ. ಆಮ್ಯಾಲ... ಹೂಂ ಅಂದ್ರರಿ."

"ಹೂಂ ಅಂದ್ರಾ?"

"ಹೂಂ ಅಂದ್ರರಿ ಕಾಕೂ. ನಿನ್ನ ಮನಸಿಗಿ ಬಂದದ್ದ ಹಾಕು ಅನ್ನೂವಂಗ."

ಬಾಸುಂದಿಗೆ ಹೂಂ ಅನ್ನಲಿಲ್ಲ, ಡಾಕ್ಟರಿಗೆ ಅಂದದ್ದು ಸುಳ್ಳು ಹೂಂ, ನನ್ನ ಇಷ್ಟು ವರ್ಷದ ಒಂದು ಬೇಡಕ್ಕೂ ಅನ್ನಲಿಲ್ಲ. ಆ ಮನುಷ್ಯನ ಮುಖದಲ್ಲಿ ಹೂಂ ಅನ್ನುವುದು ಹೇಗೆ ಕಾಣುತ್ತದೆ ಅಂತ ಮದುವೆಯಾದ ನನಗೇ ಗೊತ್ತಿರಲಿಲ್ಲ.

"ಹ್ಯಾಂಗ ಅಂದ್ರು? ಮಾರಿ ಹ್ಯಾಂಗ ಮಾಡಿದ್ರು? ಎದ್ದು ತೋರಸು."

ಹುಡುಗಿ ಗೆಳತಿಯರ ಕಡೆ ನೋಡಿದಳು. ಕ್ಯಾಚರ್ ಅವಳ ಮೊಣಕೈ ತಿವಿದಳು. ಎದ್ದು ಪಡಸಾಲೆಯ ನಡುವೆ ನಿಂತಳು. ಕಾಲು ಅಗಲಿಸಿದಳು, ಹೊಟ್ಟೆ ಮುಂದೆ ಮಾಡಿದಳು, ಗದ್ದ ಮೇಲೆತ್ತಿದಳು. ಹುಬ್ಬು ಗಂಟು ಹಾಕಿ ದೂರದಲ್ಲಿ ಯಾರನ್ನೋ ದುರುಗುಟ್ಟಿ ನೋಡಿದಳು. ಅಲ್ಲಿಯ ತನಕ ನನಗೆ ಗೊತ್ತಿದ್ದ ಮನುಷ್ಯನೇ. ಆಮೇಲೆ ಆ ಗಂಟು ನಿಧಾನವಾಗಿ ಬಿಚ್ಚಿಕೊಂಡಿತು. ಬಾಯಿ ಒಂದು ಕಡೆಗೆ ಸೊಟ್ಟಗಾಯಿತು, ನಗು ಬರುತ್ತಿದ್ದರೂ ನುಂಗಿಕೊಂಡವರ ಹಾಗೆ. ಗದ್ದ ಒಂದು ಸಲ ಕೆಳಗಿಳಿಯಿತು.

ಹುಡುಗಿಯರು ಅಳುತ್ತಲೇ ನಕ್ಕರು.

"ಇನ್ನೊಮ್ಮೆ ಮಾಡು," ಅಂದೆ.